ಹಳೇ ಒಲೆ ಬಿಟ್ಟಿದೀವಿ

ಬೆಳಗಿನ ಐದೂವರೆ. ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಇನ್ನೇನೂ ಓಡಾಡುತ್ತಿಲ್ಲ. ಶೀನಣ್ಣನ ಹಿಟ್ಟಿನ ಗಿರಣಿಯ ಮೇಲಿರುವ ಒಂದೇ ಕೋಣೆಯ ಮನೆಯಲ್ಲಿ ದೀಪ ಹತ್ತಿದೆ. ಕಿಟಕಿ ಪಕ್ಕದ ಮೇಜಿನ ಮುಂದೆ ಕೂತ ರುದ್ರಾಣಿ, ಲ್ಯಾಪ್‌ಟಾಪಿನ ಪರದೆಗೆ ಮರದ ಸ್ಕೇಲನ್ನು ಅಡ್ಡ ಹಿಡಿದಿದ್ದಾರೆ. ಒಂದು ಸಾಲು ಓದುತ್ತಾರೆ, ಸ್ಕೇಲನ್ನು ಒಂದು ಸಾಲು ಕೆಳಗಿಳಿಸುತ್ತಾರೆ. ಓದುವುದು ಮನಸ್ಸಿನಲ್ಲಲ್ಲ, ಗಟ್ಟಿಯಾಗಿ. ದಾಖಲೆ ಇಂಗ್ಲಿಷಿನದು, ಚಿಹ್ನೆಗಳು ಮಾತ್ರ ಕನ್ನಡದಲ್ಲಿ. “ಪ್ರಾಜೆಕ್ಟ್ ಏರಿಯಾ ಅಲ್ಪವಿರಾಮ ಕಂಸ ತೆರೆ ಅನೆಕ್ಸ್ ತ್ರೀ ಕಂಸ ಮುಚ್ಚು ಪೂರ್ಣವಿರಾಮ.”

“ಎಂಟೂವರೆಗೆ ಕೆಳಗೆ ಗಿರಣಿ ಶುರು ಆಗುತ್ತೆ. ಆಮೇಲೆ ನನ್ನ ಧ್ವನಿ ನನಗೇ ಕೇಳಲ್ಲ” ಎನ್ನುತ್ತಾರೆ ಅವರು, ಸ್ಕೇಲನ್ನು ಕದಲಿಸದೆ.

ಐವತ್ತೊಂಬತ್ತರ ರುದ್ರಾಣಿ ಓದುತ್ತಿರುವುದು ಇನ್ನೂರ ಹದಿನಾಲ್ಕು ಪುಟಗಳ ಯೋಜನಾ ದಾಖಲೆ. ಮಾಗಡಿಯ ಆಚೆಗಿನ ಹಳ್ಳಿಗಳಲ್ಲಿ, ಕಡಿಮೆ ಸೌದೆ ತಿನ್ನುವ ಹೊಸ ಒಲೆಗಳನ್ನು ಮನೆಮನೆಗೆ ಕೊಡುವ ಯೋಜನೆ ಅದು. ಆ ಒಲೆಯಿಂದ ಎಷ್ಟು ಸೌದೆ ಉಳಿಯಿತು, ಎಷ್ಟು ಹೊಗೆ ತಪ್ಪಿತು ಎಂದು ಟನ್ನಿನಲ್ಲಿ ಲೆಕ್ಕ ಹಾಕುತ್ತಾರೆ. ದೂರದ ಯಾವುದೋ ದೇಶದ ಕಂಪನಿಯೊಂದು ತಾನು ಬಿಡುವ ಹೊಗೆಗೆ ಬದಲಾಗಿ, ಇಲ್ಲಿ ತಪ್ಪಿದ ಹೊಗೆಗೆ ದುಡ್ಡು ಕೊಡುತ್ತದೆ. ಆ ದುಡ್ಡಿನಲ್ಲೇ ಒಲೆ ಬರುತ್ತದೆ. ಇಂಗಾಲದ ಹಣಕಾಸು ಎಂದು ದೊಡ್ಡ ಹೆಸರಿನಲ್ಲಿ ಕರೆಯುವುದು ಇದನ್ನೇ. ಇಂಥ ಯೋಜನೆಗೆ ಒಪ್ಪಿಗೆ ಸಿಗುವ ಮೊದಲು ಅದರ ಕಾಗದಪತ್ರಗಳನ್ನು ಮೂವತ್ತು ದಿನ ಎಲ್ಲರಿಗೂ ಕಾಣುವಂತೆ ಅಂತರ್ಜಾಲದಲ್ಲಿ ಇಡುತ್ತಾರೆ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಬರೆದು ಕಳಿಸಬಹುದು. ಬಹಳ ಜನ ಓದುವುದಿಲ್ಲ. ರುದ್ರಾಣಿ ಓದುತ್ತಾರೆ. ಐದು ವರ್ಷದಲ್ಲಿ ಅರವತ್ಮೂರು ದಾಖಲೆ ಓದಿದ್ದಾರೆ. ಅದಕ್ಕೆ ಸಂಬಳವಿಲ್ಲ, ಸರ್ಟಿಫಿಕೇಟಿಲ್ಲ. ಬರೆದು ಕಳಿಸಿದ್ದರಲ್ಲಿ ಹನ್ನೊಂದಕ್ಕೆ ಉತ್ತರ ಬಂದಿದೆ. ಅದರಲ್ಲಿ ಎಂಟು, ‘ನಿಮ್ಮ ಅಭಿಪ್ರಾಯ ತಲುಪಿದೆ’ ಎಂದು ಯಂತ್ರವೇ ಕಳಿಸಿದ ಒಂದು ಸಾಲು.

ಇವತ್ತಿನ ದಾಖಲೆ ಅವರ ಮುಂದೆ ಬರುತ್ತಿರುವುದು ಎರಡನೇ ಸಲ. ಮೊದಲ ಸಲ ಅವರು ಬರೆದ ಟಿಪ್ಪಣಿಯಿಂದಾಗಿ ಯೋಜನೆ ಅರ್ಧದಲ್ಲಿ ನಿಂತಿತು. ಎರಡು ಸಾವಿರದ ಮುನ್ನೂರು ಮನೆಗಳಿಗೆ ಬರಬೇಕಿದ್ದ ಒಲೆ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ, ಹೋದ ವಾರ, ತಿದ್ದಿದ ದಾಖಲೆ ಮತ್ತೆ ಕಾಣಿಸಿಕೊಂಡಿದೆ. ಆ ಮನೆಗಳಿಗೆ ಒಲೆ ಉಂಟೋ ಇಲ್ಲವೋ ಅನ್ನುವುದು ಅದರ ಕೊನೆಯ ಪುಟಗಳಲ್ಲಿದೆ. ನೇರವಾಗಿ ಅಲ್ಲಿಗೇ ಹೋಗಿ ನೋಡಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ.

“ಹಾಗೆ ಓದಿ ಅಭ್ಯಾಸ ಇಲ್ಲ. ಮೊದಲನೇ ಪುಟದಿಂದ ಬರಬೇಕು. ದಿನಾ ಬೆಳಿಗ್ಗೆ ಓದ್ತಾ ಓದ್ತಾ ಇವತ್ತು ನೂರ ಐವತ್ತಕ್ಕೆ ಬಂದಿದೀನಿ.” ಆಮೇಲೆ, “ಭಯಾನೂ ಇದೆ ಅನ್ನಿ” ಎನ್ನುತ್ತಾರೆ.

ರುದ್ರಾಣಿ ಹುಟ್ಟಿದ್ದು ಬಿನ್ನಿಪೇಟೆಯಲ್ಲಿ. ಅಪ್ಪ ಮಿಲ್ಲಿನ ನೇಯ್ಗೆ ಖಾತೆಯಲ್ಲಿದ್ದವರು. ಬೇಸಿಗೆ ರಜೆ ಬಂದರೆ ಕುಣಿಗಲ್ ಹತ್ತಿರದ ಅಜ್ಜಿಯ ಊರು. ಬಿ.ಎ. ಮುಗಿಸಿದ ವಾರಕ್ಕೇ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ಶಾಲಾ ಪುಸ್ತಕ, ಬ್ಯಾಂಕಿನ ವಾರ್ಷಿಕ ವರದಿ, ಪಂಚಾಂಗ, ಕಾನೂನು ಪುಸ್ತಕ, ಏನು ಬಂದರೂ ಅವರ ಕಣ್ಣಿನ ಕೆಳಗೆ ಹಾದೇ ಹೋಗಬೇಕು. ಮೂವತ್ತೊಂದು ವರ್ಷ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಆಮೇಲೆ ಯಾರೂ ಕೇಳಲಿಲ್ಲ, ಅವರೂ ಕಾಯಲಿಲ್ಲ. ಮುದ್ರಣಾಲಯ ಮುಚ್ಚಿದ ದಿನ ಮಾಲೀಕರು ಎಲ್ಲರಿಗೂ ಒಂದೊಂದು ಗೋಡೆ ಗಡಿಯಾರ ಕೊಟ್ಟರಂತೆ. “ಟೈಮಿಗೆ ಬಾ ಅಂತ ಮೂವತ್ತೊಂದು ವರ್ಷ ಬೈದು, ಎಲ್ಲಿಗೂ ಹೋಗೋ ಹಾಗಿಲ್ಲ ಅನ್ನೋವಾಗ ಗಡಿಯಾರ ಕೊಟ್ರು” ಎಂದು ನಗುತ್ತಾರೆ. ಈಗಲೂ ಬೀದಿಯ ಎರಡು ಪ್ರೆಸ್ಸಿನವರು ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು ತಿದ್ದಲು ಕೊಡುತ್ತಾರೆ. ಊಟಕ್ಕೆ ತೊಂದರೆಯಿಲ್ಲ.

ಆ ಮುದ್ರಣಾಲಯದಲ್ಲಿ ಕರಡನ್ನು ಒಬ್ಬರೇ ತಿದ್ದುತ್ತಿರಲಿಲ್ಲ. ಜೋಡಿ ಓದು ಅಲ್ಲಿಯ ಪದ್ಧತಿ. ಒಬ್ಬರು ಮೂಲ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಒಂದು ಚುಕ್ಕೆಯನ್ನೂ ಬಿಡದೆ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದಬೇಕು. ರುದ್ರಾಣಿಯವರಿಗೆ ಇಪ್ಪತ್ತೆರಡು ವರ್ಷ ಓದಿದವರು ಶ್ರೀರಾಂಪುರದ ಮುನಿಯಕ್ಕ. ಏಳನೇ ಕ್ಲಾಸು ಓದಿದ್ದ ಮುನಿಯಕ್ಕನಿಗೆ ಇಂಗ್ಲಿಷಿನ ಅರ್ಥ ತಿಳಿಯುತ್ತಿರಲಿಲ್ಲ. ಆದರೆ ಅಕ್ಷರ ತಪ್ಪುತ್ತಿರಲಿಲ್ಲ. ಅರ್ಥ ಗೊತ್ತಿಲ್ಲದಿದ್ದುದೇ ಒಳ್ಳೆಯದಾಯಿತು ಎನ್ನುತ್ತಾರೆ ರುದ್ರಾಣಿ. ಅರ್ಥ ಗೊತ್ತಿದ್ದವರು ಇಲ್ಲದ ಪದವನ್ನೂ ಸೇರಿಸಿ ಓದಿಬಿಡುತ್ತಾರಂತೆ.

“ಇಪ್ಪತ್ತೆರಡು ವರ್ಷ ಎದುರುಬದುರು ಕೂತಿದ್ವಿ. ಸ್ವಂತ ಮಾತು ಆಡಿದ್ದು ಕಮ್ಮಿ. ಆದ್ರೆ ಅವಳ ಧ್ವನಿ ಸ್ವಲ್ಪ ಕೆಳಗೆ ಹೋದ್ರೆ ಮನೇಲಿ ಜಗಳ ಆಗಿದೆ ಅಂತ ಗೊತ್ತಾಗ್ತಿತ್ತು. ಪೂರ್ಣವಿರಾಮ ಜೋರಾಗಿ ಹೇಳಿದ್ರೆ ಹಸಿವಾಗಿದೆ ಅಂತ.”

ಕೊರೊನಾದ ಎರಡನೇ ಅಲೆಯಲ್ಲಿ ಮುನಿಯಕ್ಕ ಹೋದರು. ಮುಖ ನೋಡಲು ಆಗಲಿಲ್ಲ. ಅದಾದ ಮೇಲೆ ರುದ್ರಾಣಿ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುತ್ತಾರೆ. ತಾವೇ ಓದಿ, ತಾವೇ ಕೇಳಿಸಿಕೊಳ್ಳುತ್ತಾರೆ.

ಬೀದಿಯವರಿಗೆ ಇದು ಬೇರೆಯೇ ರೀತಿ ಕೇಳಿಸಿದೆ. ನಸುಕಿನಲ್ಲಿ ಕಿಟಕಿಯಿಂದ ‘ಕಂಸ, ಕಂಸ’ ಎಂಬ ಮಾತು ತೇಲಿ ಬರುತ್ತದೆ. ಎದುರು ಮನೆಯ ಶೈಲಜಮ್ಮ ಒಂದು ದಿನ ತರಕಾರಿ ಗಾಡಿಯ ಹತ್ತಿರ ಹಿಡಿದು ನಿಲ್ಲಿಸಿದರಂತೆ. “ರುದ್ರಾಣಿಯವ್ರೇ, ಭಾಗವತ ಪಾರಾಯಣ ಮಾಡ್ತೀರಾ ಅಂತ ಕೇಳಿ ಸಂತೋಷ ಆಯ್ತು. ಆದ್ರೆ ಒಂದು ವರ್ಷದಿಂದ ಬರೀ ಕಂಸನದ್ದೇ ಆಯ್ತಲ್ರೀ, ಕೃಷ್ಣ ಹುಟ್ಟೋದು ಯಾವಾಗ?” ಬರವಣಿಗೆಯಲ್ಲಿ ಬಳಸುವ ಆವರಣ ಚಿಹ್ನೆಗೂ ಕಂಸ ಎನ್ನುತ್ತಾರೆ ಎಂದು ವಿವರಿಸಿದ್ದಕ್ಕೆ ಶೈಲಜಮ್ಮನಿಗೆ ಬೇಜಾರಾಯಿತು. ಶೀನಣ್ಣನದು ಇನ್ನೊಂದು ತಕರಾರು. “ತೆರೆ ಅಂತೀಯಾ, ಮುಚ್ಚು ಅಂತೀಯಾ. ಗಿರಣಿ ಬಾಗಿಲು ತೆರೀಲೋ ಮುಚ್ಚಲೋ ನಾನು?”

ಎಲ್ಲರೂ ನಗುತ್ತಾರೆ. ಏನು ಓದುತ್ತೀರಿ ಎಂದು ಆಮೇಲೂ ಯಾರೂ ಕೇಳಿಲ್ಲ.

ಈ ಕೆಲಸ ಅವರ ಕೈಗೆ ಬಂದದ್ದು ಒಂದು ಬೈಗುಳದಿಂದ. ಪ್ರೆಸ್ಸು ಮುಚ್ಚಿದ ಹೊಸದರಲ್ಲಿ ಒಂದು ಸಲಹಾ ಸಂಸ್ಥೆಯವರು ಮರ ನೆಡುವ ಯೋಜನೆಯೊಂದರ ಕನ್ನಡ ಸಾರಾಂಶವನ್ನು ತಿದ್ದಲು ಕೊಟ್ಟಿದ್ದರು. ನೆಟ್ಟಿದ್ದೇವೆಂದು ತೋರಿಸಿದ್ದ ಗಿಡಗಳ ಸಂಖ್ಯೆಗೂ ಜಾಗದ ಅಳತೆಗೂ ಹೊಂದುವುದಿಲ್ಲ ಎಂದು ಇವರು ಅಂಚಿನಲ್ಲಿ ಗುರುತು ಹಾಕಿದರು. “ಅಕ್ಷರ ಮಾತ್ರ ನೋಡಿ ಮೇಡಂ, ವಿಷಯ ನಮಗೆ ಬಿಡಿ” ಎಂಬ ಉತ್ತರ ಬಂತು. ಆ ಮಾತು ಬಹಳ ದಿನ ಕಾಡಿತು. ಅಕ್ಷರ ನೋಡುತ್ತ ವಿಷಯ ಬಿಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಹುಡುಕುತ್ತ ಹೋದಾಗ, ಇಂಥ ದಾಖಲೆಗಳನ್ನು ಪುಕ್ಕಟೆಯಾಗಿ ಓದಿ ಪರಿಶೀಲಿಸುವ ಸ್ವಯಂಸೇವಕರ ಒಂದು ಗುಂಪು ಸಿಕ್ಕಿತು. ಬೇರೆ ಬೇರೆ ದೇಶಗಳಲ್ಲಿದ್ದಾರೆ, ನಲವತ್ತೋ ಐವತ್ತೋ ಜನ. ತಿಂಗಳಿಗೊಮ್ಮೆ ಪರದೆಯ ಮೇಲೆ ಸಭೆ ಸೇರುತ್ತಾರೆ. ಹೆಚ್ಚಿನವರದು ಮುಖವಿಲ್ಲ, ಬಣ್ಣದ ವೃತ್ತದೊಳಗೆ ಒಂದೊಂದು ಅಕ್ಷರ. ರುದ್ರಾಣಿ ಹಸಿರು ವೃತ್ತದೊಳಗಿನ ‘ಆರ್’. ಹಿಂದಿನ ಗೋಡೆ ನೀರು ಕುಡಿದು ಉಬ್ಬಿದೆಯೆಂದು ಅವರೂ ಕ್ಯಾಮೆರಾ ಹಾಕುವುದಿಲ್ಲ. ಐದು ವರ್ಷದಲ್ಲಿ ಹಾಕಿ ಎಂದು ಯಾರೂ ಹೇಳಿಲ್ಲ.

“ಹೋದ ವರ್ಷ ಒಂದು ತಿಂಗಳು ಟೈಫಾಯಿಡ್ ಆಗಿ ಮಲಗಿದ್ದೆ. ವಾಪಸ್ ಬಂದಾಗ, ಈ ತಿಂಗಳು ಎಲ್ಲರೂ ಹಾಜರಿದ್ದದ್ದಕ್ಕೆ ಥ್ಯಾಂಕ್ಸ್ ಅಂತ ಮೆಸೇಜ್ ಬಂದಿತ್ತು” ಎನ್ನುತ್ತಾರೆ. ಹೇಳುವಾಗ ದೂರಿನ ಧ್ವನಿಯಿಲ್ಲ. ತಿದ್ದುಪಡಿಯೊಂದನ್ನು ತೋರಿಸುವಂತೆ ಹೇಳುತ್ತಾರೆ.

ಒಲೆಯ ಯೋಜನೆ ಮೊದಲ ಸಲ ಬಂದಾಗ ಅದರಲ್ಲಿ ಎಲ್ಲವೂ ಒಪ್ಪವಾಗಿತ್ತು. ಮೂರು ಸಾವಿರದ ಒಂಬೈನೂರು ಮನೆಗೆ ಒಲೆ ಕೊಟ್ಟಾಗಿದೆ, ಇನ್ನು ಎರಡು ಸಾವಿರದ ಮುನ್ನೂರಕ್ಕೆ ಕೊಡುವುದಿದೆ. ಕೊಟ್ಟ ಮನೆಗಳಲ್ಲಿ ನೂರಕ್ಕೆ ತೊಂಬತ್ನಾಲ್ಕು ಹಳೇ ಒಲೆಯನ್ನು ತ್ಯಜಿಸಿವೆ, ಮನೆಯೊಂದಕ್ಕೆ ವರ್ಷಕ್ಕೆ ಎರಡು ಟನ್ ಸೌದೆ ಉಳಿದಿದೆ. ಹಳ್ಳಿಯ ಹೆಂಗಸರ ಜೊತೆ ನಡೆಸಿದ ಸಭೆಗಳ ನಡಾವಳಿಯನ್ನು ಕನ್ನಡದ ಕೈಬರಹದಲ್ಲೇ ಸ್ಕ್ಯಾನ್ ಮಾಡಿ ಕೊನೆಗೆ ಲಗತ್ತಿಸಿದ್ದರು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ. ಹೊರದೇಶದಲ್ಲಿ ಕೂತು ಪರಿಶೀಲಿಸುವವರು ಅನುವಾದ ಓದುತ್ತಾರೆ. ರುದ್ರಾಣಿ ಎರಡನ್ನೂ ಓದಿದರು.

ಒಂದು ಪುಟದಲ್ಲಿ ತಿಮ್ಮಕ್ಕ ಎಂಬ ಹೆಂಗಸಿನ ಹೆಬ್ಬೆಟ್ಟಿತ್ತು. ಅದರ ಮೇಲೆ ಅವಳಾಡಿದ ಮಾತು: ‘ಹಳೇ ಒಲೆ ಬಿಟ್ಟಿದೀವಿ, ನೀರಿಗೆ ಬೇಕಲ್ಲ.’ ಅನುವಾದದಲ್ಲಿ ಅದು, ಹಳೆಯ ಒಲೆಯನ್ನು ತೊರೆದಿದ್ದೇವೆ, ನಮಗೆ ನೀರು ಬೇಕು, ಎಂದಾಗಿತ್ತು. ಅದರ ಮುಂದೆ ಯೋಜನೆಯವರ ಷರಾ ಬೇರೆ: ಗ್ರಾಮಸ್ಥರು ಕುಡಿಯುವ ನೀರಿನ ಸಮಸ್ಯೆ ಪ್ರಸ್ತಾಪಿಸಿದರು, ಪಂಚಾಯಿತಿಯ ಗಮನಕ್ಕೆ ತರಲಾಗುವುದು.

“ಓದಿ ನಕ್ಕುಬಿಟ್ಟೆ. ಆಮೇಲೆ ನಗು ನಿಂತೋಯ್ತು” ಎನ್ನುತ್ತಾರೆ ರುದ್ರಾಣಿ. “ಬಿಟ್ಟಿದೀವಿ ಅಂದ್ರೆ ಹಾಗೇ ಇಟ್ಕೊಂಡಿದೀವಿ ಅಂತ. ತಲೆ ಮೇಲೆ ನೀರು ಹಾಕ್ಕೊಳ್ಳೋಕೆ ಹಂಡೆ ಕಾಯಬೇಕಲ್ಲ, ಅದಕ್ಕೆ ಬಚ್ಚಲಲ್ಲಿ ಉಳಿಸ್ಕೊಂಡಿದೀವಿ ಅಂತ ಅವಳು ಹೇಳ್ತಿರೋದು. ನಮ್ಮಜ್ಜಿ ಮನೇಲಿ ಅಡುಗೆ ಒಲೆಗಿಂತ ನೀರೊಲೆಗೇ ಸೌದೆ ಜಾಸ್ತಿ ಹೋಗ್ತಿತ್ತು. ಅನುವಾದ ಮಾಡಿದ ಮಗೂಗೂ ಕನ್ನಡ ಬರುತ್ತೆ. ಗೀಸರ್ ಇರೋ ಮನೇಲಿ ಹುಟ್ಟಿದೆ ಪಾಪ, ಅಷ್ಟೆ.”

ಉಳಿದ ನಡಾವಳಿಗಳನ್ನೂ ತೆಗೆದು ಕೂತರು. ‘ಬಿಟ್ಟಿದೀವಿ’ ಎಂಬ ಮಾತು ಎಂಬತ್ತೇಳು ಕಡೆ ಇತ್ತು. ಎಷ್ಟು ಕಡೆ ತೊರೆದದ್ದು, ಎಷ್ಟು ಕಡೆ ಉಳಿಸಿಕೊಂಡದ್ದು ಎಂದು ಕಾಗದ ನೋಡಿ ಹೇಳುವಂತಿರಲಿಲ್ಲ. ಹಳೇ ಒಲೆ ಉರಿಯುತ್ತಲೇ ಇದ್ದರೆ ಉಳಿದ ಸೌದೆಯ ಲೆಕ್ಕ ಸುಳ್ಳು. ಇಲ್ಲಿ ತಪ್ಪದ ಹೊಗೆಯನ್ನು ತಪ್ಪಿತೆಂದು ಹೇಳಿ, ಅಲ್ಲಿ ಇನ್ನಷ್ಟು ಹೊಗೆ ಬಿಡಲು ಪರವಾನಗಿ ಕೊಟ್ಟ ಹಾಗೆ. ರುದ್ರಾಣಿ ಇಷ್ಟನ್ನೂ ಒಂದೂವರೆ ಪುಟದಲ್ಲಿ ಬರೆದು, ತಮ್ಮ ಹೆಸರು, ಊರು, ಫೋನ್ ನಂಬರ್ ತುಂಬಿ ಕಳಿಸಿದರು. ಮೂರು ವಾರಕ್ಕೆ ಪರಿಶೀಲಕರು ಯೋಜನೆಯನ್ನು ತಡೆಹಿಡಿದು, ಸಮೀಕ್ಷೆಯನ್ನು ಹೊಸದಾಗಿ ಮಾಡಬೇಕೆಂದರು. ಐದು ವರ್ಷದಲ್ಲಿ ಅವರ ಮಾತು ನಡೆದದ್ದು ಅದೇ ಮೊದಲು.

ನಾಲ್ಕನೇ ದಿನ ಫೋನ್ ಬಂತು. ಯಶಶ್ರೀ ಎಂಬ ಹುಡುಗಿ, ಹಳ್ಳಿಗಳಲ್ಲಿ ಸಭೆ ನಡೆಸಿ ನಡಾವಳಿ ಬರೆದವಳು. ಆ ಮಾತುಕತೆ ರುದ್ರಾಣಿಯವರಿಗೆ ಬಾಯಿಪಾಠವಾಗಿದೆ. ಎರಡೂ ಧ್ವನಿಯಲ್ಲಿ ಒಪ್ಪಿಸುತ್ತಾರೆ.

“ಮೇಡಂ, ನಿಮ್ಮನೇಲಿ ಗ್ಯಾಸ್ ಇದೆಯಾ?”

“ಇದೆಯಮ್ಮ.”

“ಗೀಸರು?”

“ಇದೆ.”

“ಹಂಗಾದ್ರೆ ನಿಮಗೆ ಬರೆಯೋದು ಸಲೀಸು ಬಿಡಿ. ಒಂದು ಪದ ಹಿಡ್ಕೊಂಡು ಎರಡು ಸಾವಿರದ ಮುನ್ನೂರು ಮನೆ ಒಲೆ ನಿಲ್ಲಿಸಿದ್ರಲ್ಲ. ದಿನಾ ದಾರೀಲಿ ಅಡ್ಡ ಹಾಕ್ತಾರೆ ಹೆಂಗಸ್ರು, ಒಲೆ ಎಲ್ಲವ್ವಾ ಅಂತ. ನಾನೇನು ಹೇಳ್ಲಿ? ಚಾಮರಾಜಪೇಟೇಲಿ ಒಬ್ರು ಬೇಡ ಅಂದ್ರು ಅನ್ಲಾ?”

“ಬೇಡ ಅಂದಿಲ್ಲ ಕಣಮ್ಮ. ಲೆಕ್ಕ ಸುಳ್ಳು ಅಂದೆ.”

“ನಾನು ಸುಳ್ಳು ಬರೆದಿಲ್ಲ! ಅವ್ರು ಹೆಂಗೆ ಹೇಳಿದ್ರೋ ಹಂಗೇ ಬರ್ಕೊಂಡಿದೀನಿ, ಒಂದು ಅಕ್ಷರ ಸೇರಿಸಿಲ್ಲ.”

“ಹೌದು. ನೀನು ಸರಿಯಾಗಿ ಬರೆದಿದ್ದಕ್ಕೇ ತಪ್ಪು ನನಗೆ ಸಿಕ್ಕಿದ್ದು.”

ಆಮೇಲೆ, “ಹಂಗಾದ್ರೆ ಹೆಂಗೆ ಕೇಳ್ಬೇಕಿತ್ತು, ನೀವೇ ಹೇಳಿ” ಎಂದಳು. ರುದ್ರಾಣಿ ಎರಡು ದಿನ ಯೋಚಿಸಿ ಒಂದು ಪ್ರಶ್ನೆ ಬರೆದು ಕಳಿಸಿದರು. ಬಿಟ್ಟಿದ್ದೀರಾ ಎಂದು ಕೇಳಬೇಡ, ಹೀಗೆ ಕೇಳು ಎಂದು. ಅದಕ್ಕೆ ಉತ್ತರ ಬರಲಿಲ್ಲ. ಇವರು ಮತ್ತೆ ಫೋನ್ ಮಾಡಲಿಲ್ಲ.

ನಾಲ್ಕು ತಿಂಗಳು ಅವರು ಬೇರೆ ಯಾವ ದಾಖಲೆಯನ್ನೂ ಮುಟ್ಟಿಲ್ಲ. ಸರಿಯಾದ ಮಾತು ಬರೆದು ಯಾರಿಗೋ ಕೆಡುಕು ಮಾಡಿದೆನೇ ಎಂಬ ಯೋಚನೆಯನ್ನು ಹಂಚಿಕೊಳ್ಳಲು ಒಬ್ಬರು ಬೇಕಿತ್ತು. ಗುಂಪಿನ ಸಭೆಯಲ್ಲಿ ಹೇಳಲು ಹೊರಟರು. ಎಲ್ಲರೂ ಅಭಿನಂದನೆಯ ಚಪ್ಪಾಳೆ ಚಿಹ್ನೆ ಒತ್ತಿಬಿಟ್ಟಿದ್ದರು. ಆ ಚಪ್ಪಾಳೆಗಳ ನಡುವೆ ಹೇಳುವುದು ಹೇಗೆ? ಶೈಲಜಮ್ಮನಿಗೆ ಹೇಳಬೇಕೆಂದರೆ ಮೊದಲಿನಿಂದ ಎಲ್ಲ ಹೇಳಬೇಕು. ಒಂಟಿಯಾಗಿ ಬದುಕುವ ಹೆಂಗಸಿಗೆ ಕಷ್ಟ ಬರುವುದು ದುಃಖವಾದಾಗಲ್ಲ, ಅದಕ್ಕೆ ಹೇಗೋ ಯಾರಾದರೂ ಬರುತ್ತಾರೆ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಒಂದು ಮಾತು ಕೇಳಬೇಕಾದಾಗ, ಕೇಳುವುದಕ್ಕೆ ಎದುರುಗಡೆ ಯಾರೂ ಇರುವುದಿಲ್ಲ.

ಆರೂವರೆ. ಸ್ಕೇಲು ನೂರ ಎಪ್ಪತ್ತೊಂದನೇ ಪುಟಕ್ಕೆ ಬಂದಿದೆ. ರುದ್ರಾಣಿಯವರ ಓದು ನಿಲ್ಲುತ್ತದೆ. ಪರದೆಯ ಮೇಲೆ, ಇಂಗ್ಲಿಷಿನ ಸಾಲುಗಳ ನಡುವೆ ಕನ್ನಡದ ಒಂದು ಸಾಲು. ಅವರು ಬರೆದು ಕಳಿಸಿದ್ದ ಪ್ರಶ್ನೆ, ಬರೆದ ಹಾಗೇ: ‘ನಿನ್ನೆ ನೀವು ಮೈಮೇಲೆ ಹಾಕಿಕೊಂಡ ನೀರು ಯಾವ ಒಲೆಯ ಮೇಲೆ ಕಾಯಿತು?’ ಯಾರ ಪ್ರಶ್ನೆ ಎಂದು ಎಲ್ಲೂ ಇಲ್ಲ. ಕೆಳಗೆ ಉತ್ತರಗಳ ಪಟ್ಟಿ. ನೂರರಲ್ಲಿ ಎಪ್ಪತ್ತೊಂದು ಮನೆಯಲ್ಲಿ ಹಳೇ ಒಲೆ ಉರಿಯುತ್ತಿದೆ. ಉಳಿಯುವ ಸೌದೆ ಎರಡು ಟನ್ನಿನಿಂದ ಒಂದು ಟನ್ನಿಗಿಂತ ಕೆಳಗೆ ಇಳಿದಿದೆ.

“ಸರಿಯಾಗಿ ಕೇಳಿದಾಳೆ ಹುಡುಗಿ” ಎನ್ನುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ.

ಮುಂದಿನ ಓದು ನಿಧಾನವಾಗುತ್ತದೆ. ಲೆಕ್ಕ ಇಳಿದರೆ ಬರುವ ದುಡ್ಡೂ ಇಳಿಯುತ್ತದೆ, ಅವರಿಗೆ ಗೊತ್ತು. ಇನ್ನೂರ ಮೂರನೇ ಪುಟದಲ್ಲಿ ಅದಿದೆ. ಯೋಜನೆ ನಿಂತಿಲ್ಲ. ಉಳಿದಿದ್ದ ಎರಡು ಸಾವಿರದ ಮುನ್ನೂರು ಮನೆಗಳಲ್ಲಿ ಸಾವಿರದ ನಾಲ್ಕುನೂರಕ್ಕೆ ಬರುವ ತಿಂಗಳಿನಿಂದ ಒಲೆ ಕೊಡುತ್ತಾರೆ. ದುಡ್ಡು ಸಾಲದೆ ಒಂಬೈನೂರನ್ನು ಪಟ್ಟಿಯಿಂದ ತೆಗೆದಿದ್ದಾರೆ. ಏಳು ಹಳ್ಳಿ. ರುದ್ರಾಣಿ ಅವುಗಳ ಹೆಸರನ್ನೂ ಬಿಡುವುದಿಲ್ಲ. “ಕೆಂಚನಪಾಳ್ಯ ಅಲ್ಪವಿರಾಮ ಗುಡ್ಡೇನಹಟ್ಟಿ ಅಲ್ಪವಿರಾಮ...” ಏಳನೆಯ ಹೆಸರಿಗೆ ಬಂದು ಪೂರ್ಣವಿರಾಮ ಹೇಳುವಾಗ ಧ್ವನಿ ಸಣ್ಣದಾಗಿದೆ.

ಬೇಸರವೇ ಎಂದರೆ ಸ್ಕೇಲನ್ನು ಮೇಜಿನ ಮೇಲಿಡುತ್ತಾರೆ.

“ಸಾವಿರದ ನಾಲ್ಕುನೂರು ಮನೆ ಉಳೀತು ಅಂತ ಖುಷಿಪಡ್ಲಾ, ಒಂಬೈನೂರು ಹೋಯ್ತು ಅಂತ ಅಳ್ಲಾ, ಗೊತ್ತಾಗ್ತಿಲ್ಲ. ಮತ್ತೆ ಅದೇ ಕಾಗದ ನನ್ನ ಮುಂದೆ ಬಂದ್ರೆ ಮತ್ತೆ ಅದೇ ಬರೀತೀನಿ. ಅದು ಮಾತ್ರ ಗೊತ್ತು.”

ಉಳಿದ ಹನ್ನೊಂದು ಪುಟ ಓದಿ ಮುಗಿಸಿ, ಅಭಿಪ್ರಾಯ ಬರೆಯುವ ನಮೂನೆ ತೆರೆಯುತ್ತಾರೆ. ಮೊದಲು ಅಭಿಪ್ರಾಯದ ಬಗೆ ಯಾವುದೆಂದು ಆರಿಸಬೇಕು. ಆಕ್ಷೇಪ, ತಿದ್ದುಪಡಿ, ಇತರೆ. ಅವರು ಮೂರನ್ನೂ ಎರಡೆರಡು ಸಲ ನೋಡುತ್ತಾರೆ.

“ನೋಡಿ, ಸರಿಯಾಗಿದೆ ಅನ್ನೋಕೆ ಜಾಗಾನೇ ಇಟ್ಟಿಲ್ಲ. ಯಾರೂ ಹಾಗೆ ಬರೆಯಲ್ವೇನೋ.”

‘ಇತರೆ’ ಒತ್ತುತ್ತಾರೆ. ಎರಡು ಬೆರಳಲ್ಲಿ ನಿಧಾನವಾಗಿ ಟೈಪು ಮಾಡುತ್ತಾರೆ. ಪ್ರಶ್ನೆ ಸರಿಯಾಗಿದೆ. ಉತ್ತರಗಳನ್ನು ಬರೆದುಕೊಂಡವರು ಪ್ರಾಮಾಣಿಕರು. ಲೆಕ್ಕ ಸರಿಯಾಗಿದೆ. ಆಮೇಲೆ ಇನ್ನೊಂದು ಸಾಲು ಸೇರಿಸುತ್ತಾರೆ: ಪಟ್ಟಿಯಿಂದ ತೆಗೆದ ಏಳು ಹಳ್ಳಿಗಳಲ್ಲಿ ಅಡುಗೆಗಿಂತ ಸ್ನಾನದ ನೀರಿಗೇ ಹೆಚ್ಚು ಸೌದೆ ಹೋಗುತ್ತಿದ್ದರೆ, ಅವರಿಗೆ ನೀರು ಕಾಯಿಸುವ ಒಲೆ ಮಾಡಿಕೊಡಲು ಬರುತ್ತದೆಯೇ?

ಅದಕ್ಕೆ ಉತ್ತರ ಬರುತ್ತದೆಂದು ನಂಬಿಕೆಯಿದೆಯೇ ಎಂದರೆ ನಗುತ್ತಾರೆ.

“ಬರಲ್ಲ. ಇದು ಅವರ ಲೆಕ್ಕದೊಳಗೆ ಬರೋ ಮಾತಲ್ಲ. ಆದ್ರೆ ನಾಳೆ ಯಾರಾದ್ರೂ ಈ ಫೈಲು ತೆಗೆದ್ರೆ, ಆ ಒಂಬೈನೂರು ಮನೆ ಏನಾಯ್ತು ಅಂತ ಒಬ್ಬಳು ಕೇಳಿದ್ಲು ಅನ್ನೋದು ಅದರಲ್ಲಿರುತ್ತೆ. ಅಷ್ಟಿರಲಿ.”